ಮುಳ್ಳುಬೇಲಿ ಮುದ್ದಮ್ಮ

ಆ ಸೋಮವಾರ ಮಮತಾ ಬೇಯಿಸಿದ ಅನ್ನ ಬೋಸಿಯ ತುಂಬ ಹಾಗೇ ಉಳಿಯಿತು.

ತಾಳ್ಯದ ಪಕ್ಕದ ಹಟ್ಟಿಯ ಸರ್ಕಾರಿ ಶಾಲೆಯಲ್ಲಿ ಅವಳು ಬಿಸಿಯೂಟದ ಅಡುಗೆಯವಳು. ಗಂಟೆ ಹೊಡೆಯಿತು, ಮಕ್ಕಳು ತಟ್ಟೆ ಹಿಡಿದು ಜಗಲಿಯ ಮೇಲೆ ಸಾಲಾಗಿ ಕುಳಿತವು. ಮಮತಾ ಸೌಟು ಹಿಡಿದು ಬಗ್ಗಿದಾಗ ಮೊದಲ ಹುಡುಗಿ ತಟ್ಟೆಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಪಕ್ಕದವಳೂ ಹಾಗೇ ಮಾಡಿದಳು. ಹಸಿವಿಲ್ಲವೇ ಎಂದು ಕೇಳಿದರೆ ಯಾರೂ ತುಟಿ ಬಿಚ್ಚಲಿಲ್ಲ. ಸಾಲಿನ ಕೊನೆಯಲ್ಲಿದ್ದ ಒಂದನೇ ತರಗತಿಯ ಮಗು ಮಾತ್ರ ಅವಳ ಮುಖವನ್ನೇ ನೋಡುತ್ತ ಹೇಳಿತು:

"ನೀವು ಅನ್ನದಾಗೆ ಮದ್ದು ಹಾಕ್ತೀರಂತೆ."

ಆ ಸೀಮೆಯಲ್ಲಿ ಮದ್ದು ಎಂದರೆ ಕಾಯಿಲೆಗೆ ಕೊಡುವುದಲ್ಲ. ಆಗದವರಿಗೆ ಊಟದಲ್ಲಿ ಕಲಸಿಕೊಟ್ಟು, ತಿಂದವರು ದಿನೇ ದಿನೇ ಒಣಗಿಹೋಗುವಂತೆ ಮಾಡುವ ಕೆಟ್ಟ ಕೆಲಸ. ಒಬ್ಬ ಹೆಂಗಸಿಗೆ ಆ ಹೆಸರು ಅಂಟಿತೆಂದರೆ ಅವಳ ಮನೆಯ ನೀರನ್ನೂ ಯಾರೂ ಮುಟ್ಟುವುದಿಲ್ಲ.

ಹೆಡ್‌ಮೇಷ್ಟ್ರು ಒಳ್ಳೆಯ ಮನುಷ್ಯ. ಮಕ್ಕಳನ್ನು ಗದರಿಸಿದರು. ಆದರೆ ನೀವಾದರೂ ಒಂದು ತುತ್ತು ಉಂಡು ತೋರಿಸಿ ಸಾರ್ ಎಂದು ಅವಳು ಬೇಡಿಕೊಂಡಾಗ, ಇವತ್ತು ಸೋಮವಾರ, ನಂದು ಒಪ್ಪೊತ್ತು ಎಂದುಬಿಟ್ಟರು. ಹಿಂದಿನ ಸೋಮವಾರ ಅವರು ಎರಡನೇ ಸಲ ಸಾರು ಹಾಕಿಸಿಕೊಂಡು ಉಂಡಿದ್ದು ಇಬ್ಬರಿಗೂ ನೆನಪಿತ್ತು. ಸ್ವಲ್ಪ ದಿನ ಮನೆಯಲ್ಲಿರಿ, ಗಾಳಿಮಾತು ತಣ್ಣಗಾಗಲಿ ಎಂದು ಹೇಳಿ ಆಫೀಸಿನೊಳಗೆ ಹೋದರು.

ಮನೆಗೆ ಬಂದಾಗ ಅತ್ತೆ ಬರಗೇರಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಸೊಸೆಯ ಮಾತು ಕೇಳುತ್ತ ಕೇಳುತ್ತ ಅವಳ ಕೈಯ ಮೊರ ನಿಂತಿತು. ಎದ್ದು ಹೋಗಿ ಬೀದಿ ಬಾಗಿಲು ಹಾಕಿ ಅಗುಳಿ ಬಿಗಿದಳು. ಹಗಲು ಹೊತ್ತಿನಲ್ಲಿ ಆ ಮನೆಯ ಬಾಗಿಲು ಹಾಕಿದ್ದನ್ನು ಮಮತಾ ಮದುವೆಯಾಗಿ ಬಂದಾಗಿನಿಂದ ಕಂಡಿರಲಿಲ್ಲ.

ಗಂಡ ಓಬಳೇಶ್ ಲಗೇಜ್ ಆಟೊ ಓಡಿಸುತ್ತಿದ್ದ. ಹೊಸದುರ್ಗಕ್ಕೆ ತೆಂಗಿನಕಾಯಿ ಇಳಿಸಿ ಬರುವಾಗ ಟೀ ಅಂಗಡಿಯಲ್ಲಿ ಅವನಿಗೂ ಸುದ್ದಿ ಮುಟ್ಟಿತ್ತು. ಗಂಗಾಧರಪ್ಪನ ಮಗ ಪ್ರದೀಪ್ ವಾರದಿಂದ ಹಾಸಿಗೆ ಹಿಡಿದಿದ್ದಾನೆ, ಅನ್ನ ಕಂಡರೆ ವಾಂತಿ. ಗಂಗಾಧರಪ್ಪ ಎಂದರೆ ಕುರಿ, ತೋಟ, ಮಾತು ಎಲ್ಲದರಲ್ಲೂ ಹಟ್ಟಿಗೆ ದೊಡ್ಡವನು. ಶಾಲೆಯ ಸಮಿತಿಗೂ ಅವನೇ ಅಧ್ಯಕ್ಷ.

"ನಿನ್ನ ಮಗಳು ದಾರೀಲಿ ನಿಂತು ಅವನಿಗೆ ಶಾಪ ಹಾಕಿದ್ಳಂತೆ," ಎಂದ ಓಬಳೇಶ್. "ಆ ಶಾಪ ನಡೀಲಿ ಅಂತ ನೀನು ಮದ್ದು ಹಾಕಿದೀಯಂತೆ. ಏನಿದು?"

ಮಮತಾಳಿಗೆ ತಲೆಬುಡ ತಿಳಿಯಲಿಲ್ಲ. ಪ್ರದೀಪ್ ಅವಳ ಕೈಯಿಂದ ಒಂದು ಲೋಟ ನೀರು ಕುಡಿದವನೂ ಅಲ್ಲ. ಮೂವರೂ ಯಮುನಾ ಬರುವುದನ್ನೇ ಕಾದರು.

ಯಮುನಾ ಅವರ ಒಬ್ಬಳೇ ಮಗಳು, ತಾಳ್ಯದ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿ. ಬಾಗಿಲು ಹಾಕಿದ್ದನ್ನು ಕಂಡಾಗಲೇ ಅವಳ ಮುಖ ಸಣ್ಣಗಾಗಿತ್ತು. ಅಪ್ಪ ಕೇಳುವ ಮೊದಲೇ ಬ್ಯಾಗು ಇಳಿಸದೆ ನಿಂತಲ್ಲೇ ಹೇಳಿದಳು. ಪ್ರದೀಪ್ ಬಹಳ ದಿನದಿಂದ ಬೈಕಿನಲ್ಲಿ ಹುಡುಗಿಯರ ಹಿಂದೆ ಬರುತ್ತಿದ್ದ. ಅಡ್ಡ ಹಾಕುತ್ತಿದ್ದ, ಫೋನಿನಲ್ಲಿ ಬೇಡದ ಫೋಟೋ ತೋರಿಸಲು ಬರುತ್ತಿದ್ದ. ಹತ್ತು ದಿನದ ಹಿಂದೆ ಹಳ್ಳದ ತಿರುವಿನಲ್ಲಿ ಅವಳ ಜಡೆ ಹಿಡಿದು ಎಳೆದ. ಜೊತೆಯ ಹುಡುಗಿಯರು ಓಡಿದರು, ಅವಳು ಓಡಲಿಲ್ಲ. ಬಿದ್ದಿದ್ದ ಜಾಲಿಯ ಕೋಲು ತೆಗೆದುಕೊಂಡು ಬೈಕಿನ ಸುತ್ತ ಗೆರೆ ಎಳೆದಳು. ಅವನ ಹೆಸರು, ಅವನ ಅಪ್ಪನ ಹೆಸರು, ಅವನು ಮಾಡಿದ್ದು ಎಲ್ಲವನ್ನೂ ಕೂಗಿ ಹೇಳಿ, ಇದನ್ನು ಊರ ಮುಂದೆ ಒಪ್ಪಿಕೊಳ್ಳುವ ತನಕ ನಿನ್ನ ಗಂಟಲಲ್ಲಿ ತುತ್ತು ಇಳಿಯದಿರಲಿ ಎಂದಳು.

"ಅದು ಮುದ್ದಮ್ಮ ಹೇಳೋ ಮಾತು," ಎಂದು ಬರಗೇರಮ್ಮ ಮೆಲ್ಲಗೆ ಅಂದಳು.

ಮುಳ್ಳುಬೇಲಿ ಮುದ್ದಮ್ಮ ಒಬ್ಬಳು ಮಾಟಗಾತಿ. ಇರುವುದು ಕತೆಯಲ್ಲಿ ಮಾತ್ರ. ಓಬಳೇಶನ ಫೋನಿನಲ್ಲಿ ಯಾರೋ ಹೆಂಗಸು ಚಿತ್ರ ತೋರಿಸುತ್ತ ಆ ಕತೆ ಹೇಳುತ್ತಿದ್ದಳು. ಅಜ್ಜಿ ಮೊಮ್ಮಗಳು ಅವರೆಕಾಯಿ ಸುಲಿಯುತ್ತ ಒಂದೂ ಬಿಡದೆ ನೋಡುತ್ತಿದ್ದರು. ಊರಾಚೆ ಮುಳ್ಳುಬೇಲಿ ಹಾಕಿಕೊಂಡು ಒಬ್ಬಳೇ ಬದುಕುವ ಮುದ್ದಮ್ಮನಿಗೆ ಬೂದಿ, ಬೊಂಬೆ, ಮಂತ್ರ ಯಾವುದೂ ಗೊತ್ತಿಲ್ಲ. ತಪ್ಪು ಮಾಡಿದವನ ಎದುರು ನಿಂತು, ಗೆರೆ ಎಳೆದು, ಅವನು ಮಾಡಿದ್ದನ್ನು ಅವನ ಹೆಸರು ಹಿಡಿದು ಹೇಳುತ್ತಾಳೆ, ಅಷ್ಟೇ. ಕೇಳಿದವನು ಒಪ್ಪಿಕೊಳ್ಳುವವರೆಗೆ ಉಣ್ಣಲಾರ. ಯಮುನಾಳಿಗೆ ಸಿನಿಮಾದ ಯಾವ ನಾಯಕಿಯೂ ಬೇಡವಾಗಿದ್ದಳು. ದೊಡ್ಡವಳಾದ ಮೇಲೆ ಯಾರ ಹಾಗೆ ಆಗುತ್ತೀಯ ಎಂದು ಕೇಳಿದವರಿಗೆಲ್ಲ ಮುದ್ದಮ್ಮನ ಹೆಸರು ಹೇಳಿ ನಗಿಸುತ್ತಿದ್ದಳು.

ಈಗ ಯಾರೂ ನಗಲಿಲ್ಲ. ಜಡೆ ಎಳೆದ ಮಾತು ಕೇಳಿ ಓಬಳೇಶನ ಮುಖ ಕೆಂಪಾಗಿತ್ತು, ಆದರೆ ಆ ಸಿಟ್ಟು ಹೋಗಿ ಬಿದ್ದದ್ದು ಮಗಳ ಮೇಲೆ. ಮನೆಯಲ್ಲಿ ಹೇಳುವುದು ಬಿಟ್ಟು ಮಾಟಗಾತಿ ಆಟ ಆಡುತ್ತೀಯಾ ಎಂದು ಕೈ ಎತ್ತಿದ. ಮಮತಾ ನಡುವೆ ಬಂದಳು.

"ನಿಂಗೆ ಹೆದರಿಕೆ ಆಗ್ಲಿಲ್ವೇನೇ?" ಎಂದು ಮಗಳನ್ನು ಕೇಳಿದಳು.

"ಆಯ್ತು. ಕೈ ನಡುಗ್ತಿತ್ತು. ಅದ್ಕೇ ಕೋಲು ಹಿಡ್ಕಂಡೆ."

ಓಬಳೇಶ್ ಗೂಡಿನಲ್ಲಿದ್ದ ತನ್ನ ಫೋನ್ ತೆಗೆದು ಜೇಬಿಗೆ ಹಾಕಿಕೊಂಡ. ಆ ಮಾಟಗಾತಿಯ ಹೆಸರು ಇನ್ನು ಈ ಮನೆಯಲ್ಲಿ ಎತ್ತಕೂಡದು ಎಂದ.

ಅಡುಗೆಮನೆಯಲ್ಲಿ ಮುದ್ದೆ ತಿರುವುವಾಗ ಬರಗೇರಮ್ಮ ಸೊಸೆಗೆ ಒಂದು ಸಂಗತಿ ಹೇಳಿದಳು. ಹಿರಿಯೂರಿನ ಕಡೆಯ ಅವಳ ತವರಿನಲ್ಲಿ ಒಬ್ಬಳು ಚಿಕ್ಕಮ್ಮ ಇದ್ದಳು. ಓರಗಿತ್ತಿಯ ಕೂಸು ಸತ್ತಾಗ ಇವಳ ಕಣ್ಣು ಬಿತ್ತು, ಇವಳು ಮಾಟ ಮಾಡುತ್ತಾಳೆ ಎಂದರು. ಬಾಯಲ್ಲಿ ಮಂತ್ರ ನಿಲ್ಲಬಾರದೆಂದು ಮುಂದಿನ ಹಲ್ಲು ಕಲ್ಲಿನಿಂದ ಉದುರಿಸಿದರು. ಹೊಡೆದವನು ಹೊರಗಿನವನಲ್ಲ, ಸ್ವಂತ ಭಾವ.

"ಆಮೇಲೆ ಬದುಕಿದ್ರಾ ಅತ್ತೆ?"

"ಬದುಕಿದ್ಳು. ಸೆರಗು ಬಾಯಿಗೆ ಅಡ್ಡ ಇಟ್ಕಂಡೇ ಬದುಕಿದ್ಳು. ನಾವು ಮಕ್ಳು ಅವಳ ಕೈಲಿ ಏನೂ ಇಸ್ಕಂಡು ತಿಂತಿರ್ಲಿಲ್ಲ. ನಾನೂ ತಿಂತಿರ್ಲಿಲ್ಲ." ಅವಳು ಹಬೆಗೆ ಮುಖ ಒಡ್ಡಿ ಮುದ್ದೆಯನ್ನು ಇನ್ನೊಮ್ಮೆ ತಿರುವಿದಳು. "ಹೆಸರು ಒಂದ್ಸಲ ಹತ್ತಿದ್ರೆ ಹೋಗಲ್ಲ ಕಣೇ. ಹುಡುಗಿನ ಕಾಪಾಡ್ಕ."

ಅಲ್ಲಿಂದ ಮುಂದೆ ಮಮತಾ ಸದ್ದಿಗೆಲ್ಲ ಬೆಚ್ಚಿಬೀಳತೊಡಗಿದಳು. ದಿನಾ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬರುತ್ತಿದ್ದ ಪಕ್ಕದ ಮನೆಯವಳು ಬರುವುದು ಬಿಟ್ಟಳು. ನಲ್ಲಿಯ ಬಳಿ ಇವಳು ಹೋದರೆ ಕೊಡಗಳು ಹಿಂದೆ ಸರಿಯುತ್ತಿದ್ದವು. ಜೊತೆಯ ಹುಡುಗಿಯರು ಯಮುನಾಳನ್ನು ಬಿಟ್ಟು ಬೇರೆ ಹೊತ್ತಿಗೆ ಶಾಲೆಗೆ ಹೊರಟರು. ಓಬಳೇಶನೇ ಆಟೊದಲ್ಲಿ ಬಿಟ್ಟು ಬರಬೇಕಾಯಿತು. ಅವನಿಗೆ ಬಾಡಿಗೆ ಹೇಳಿದ್ದವರು ಬೇರೆ ಗಾಡಿ ಸಿಕ್ಕಿತೆಂದು ಒಬ್ಬೊಬ್ಬರಾಗಿ ಫೋನ್ ಮಾಡಿದರು. ಒಂದು ಬೆಳಿಗ್ಗೆ ಮಮತಾ ನೀರು ಹಾಕಲೆಂದು ಬಾಗಿಲು ತೆಗೆದರೆ ಹೊಸ್ತಿಲಿಗೆ ಅಡ್ಡವಾಗಿ ಯಾರೋ ಜಾಲಿಮುಳ್ಳಿನ ಟೊಂಗೆ ಎಳೆದು ಹೋಗಿದ್ದರು. ಒಳಗಿರುವ ಕೆಟ್ಟದ್ದು ಹೊರಗೆ ಬಾರದಿರಲಿ ಎಂದು ಹಾಕುವ ಮುಳ್ಳು ಅದು. ಮಗಳು ಏಳುವ ಮೊದಲೇ ಅದನ್ನು ಎತ್ತಿ ತಿಪ್ಪೆಗೆ ಹಾಕಿದಳು. ಬೆರಳಿಗೆ ಚುಚ್ಚಿದ್ದು ಎಷ್ಟೋ ಹೊತ್ತಿನ ಮೇಲೆ ಗೊತ್ತಾಯಿತು.

ಆ ವಾರದ ಕೊನೆಗೆ ಗಂಗಾಧರಪ್ಪನೇ ಬಂದ. ಜೊತೆಗೆ ಹಟ್ಟಿಯ ಹಿರಿಯ ಜುಂಜಯ್ಯ. ಇಬ್ಬರೂ ಒಳಗೆ ಬರಲಿಲ್ಲ, ಕೊಟ್ಟ ನೀರನ್ನು ಮುಟ್ಟಲಿಲ್ಲ. ಗಂಗಾಧರಪ್ಪ ಕೂಗಾಡುತ್ತಾನೆಂದು ಮಮತಾ ಅಂದುಕೊಂಡಿದ್ದಳು. ಅವನು ಕೂಗಾಡಲಿಲ್ಲ, ತಗ್ಗಿದ ದನಿಯಲ್ಲಿ ಮಾತಾಡಿದ್ದು ಅವಳನ್ನು ಇನ್ನಷ್ಟು ಹೆದರಿಸಿತು. ಮಗನನ್ನು ಮದ್ದು ತೆಗೆಯುವವನ ಬಳಿ ಕರೆದುಕೊಂಡು ಹೋಗಿದ್ದನಂತೆ. ಅವನು ಏನೋ ಕುಡಿಸಿ ವಾಂತಿ ಮಾಡಿಸಿದ, ಆದರೆ ಹಾಕಿದವರೇ ತೆಗೆಯದೆ ಪೂರ್ತಿ ಹೋಗುವುದಿಲ್ಲ ಎಂದನಂತೆ.

"ಪೊಲೀಸು ಪಂಚಾಯ್ತಿ ಏನೂ ಬ್ಯಾಡ ಓಬಳೇಶಪ್ಪ. ನಿನ್ನ ಮಗಳು ಬಂದು ನನ್ನ ಮಗನ ತಲೆ ಮುಟ್ಟಿ, ನನ್ನ ಮಾತು ವಾಪಸ್ ತಗಂಡೆ ಅನ್ಲಿ. ಅಷ್ಟು ಮಾಡಿದ್ರೆ ನಾನೂ ಮರೀತೀನಿ. ಇಲ್ಲಾಂದ್ರೆ ಅವನಿಗೆ ಏನಾದ್ರೂ ಆದ್ರೆ, ಆಮೇಲೆ ನನ್ನ ಕೈಲಿ ಏನೂ ಇರಲ್ಲ."

ಅವರು ಹೋದ ಮೇಲೆ ಮನೆಯೊಳಗೆ ಜಗಳ ಹತ್ತಿತು. ತಲೆ ಮುಟ್ಟಿ ಬಂದರೆ ಹೋಗುವುದೇನು, ಒಂದು ನಿಮಿಷದ ಕೆಲಸ, ನಾನು ಈ ಊರಲ್ಲಿ ಬದುಕಬೇಕು ಎಂದ ಓಬಳೇಶ್. ಮುಟ್ಟಿದ ಗಳಿಗೆಯಿಂದ ಅವಳು ಸಾಯುವ ತನಕ ಮಾಟಗಾತಿಯೇ, ಹೆಣ್ಣು ಕೇಳಿ ಬರುವವರೂ ಇರುವುದಿಲ್ಲ, ಕೂಲಿಗೆ ಕರೆಯುವವರೂ ಇರುವುದಿಲ್ಲ ಎಂದಳು ಬರಗೇರಮ್ಮ. ಮುಟ್ಟದೆ ಅವನು ಸತ್ತರೆ ಎಂದು ಓಬಳೇಶ್ ಕೇಳಿದ. ಯಮುನಾ ತಟ್ಟೆಯ ಮುಂದೆ ಕುಳಿತು ಮುದ್ದೆಯನ್ನು ಮುರಿದು ಮುರಿದು ಇಡುತ್ತಿದ್ದಳು. ಈಚೆಗೆ ಅವಳೂ ಸರಿಯಾಗಿ ಉಣ್ಣುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಹಿತ್ತಿಲ ಬಾಗಿಲನ್ನು ಯಾರೋ ಉಗುರಿನಿಂದ ಕೆರೆದ ಹಾಗೆ ಸದ್ದಾಯಿತು. ಮಮತಾ ಒಲೆಯ ಕೊಳ್ಳಿ ಕೈಗೆ ತೆಗೆದುಕೊಂಡೇ ಬಾಗಿಲು ತೆಗೆದಳು. ಹೊರಗೆ ನಿಂತಿದ್ದವಳು ಪ್ರದೀಪನ ತಾಯಿ ತಿಪ್ಪಮ್ಮ, ಚಪ್ಪಲಿಯಿಲ್ಲದೆ, ತಲೆಗೂದಲು ಕಟ್ಟದೆ. ಗಂಡ ಮತ್ತೆ ಆ ಮದ್ದು ತೆಗೆಯುವವನನ್ನು ಕರೆತರಲು ಹೋಗಿದ್ದಾನೆ, ಅವನು ಬರುವಷ್ಟರಲ್ಲಿ ಮಾತಾಡಬೇಕು ಎಂದಳು. ಮಗನ ಕಣ್ಣು ಅರಿಸಿನ ಬಳಿದ ಹಾಗಾಗಿದೆ, ಮೈಯೂ ಹಳದಿಗಟ್ಟಿದೆ, ಬೆಳಗಿನಿಂದ ಏನೇನೋ ತೊದಲುತ್ತಿದ್ದಾನೆ. ನೀರು ಕೊಟ್ಟರೂ ಆ ಹುಡುಗಿ ಬಂದು ಗೆರೆ ಅಳಿಸಬೇಕು ಎನ್ನುತ್ತಾನೆ.

"ಡಾಕ್ಟ್ರಿಗೆ ತೋರ್ಸಿದ್ರಾ ತಿಪ್ಪಕ್ಕ?"

ತಿಪ್ಪಮ್ಮ ಇಲ್ಲವೆಂದು ತಲೆಯಾಡಿಸಿದಳು. ಗಂಡ ಬಿಡಲಿಲ್ಲವಂತೆ. ಸೂಜಿ ಚುಚ್ಚಿದರೆ ಮದ್ದು ಮೈಗೆಲ್ಲ ಏರುತ್ತದೆಂದು ಆ ಮನುಷ್ಯ ಹೇಳಿದ್ದಾನಂತೆ. ಅವಳು ಮಮತಾಳ ಎರಡೂ ಕೈ ಹಿಡಿದುಕೊಂಡಳು.

"ನೀನು ಹಾಕಿದೀಯೋ ಇಲ್ವೋ ನಾನು ಕೇಳಲ್ಲ ತಾಯಿ. ತೆಗ್ದೆ ಅಂತ ಒಂದು ಮಾತು ಅಂದ್ಬಿಡು. ಅವನು ನಂಬ್ತಾನೆ, ಒಂದು ಗುಟುಕು ಗಂಜಿ ಕುಡೀತಾನೆ. ನಾನು ಯಾರ ಹತ್ರಾನೂ ಹೇಳಲ್ಲ."

ಆ ಮಾತು ಮಮತಾಳ ನಾಲಿಗೆಯ ತುದಿಗೆ ಬಂತು. ಅಂದುಬಿಟ್ಟರೆ ಎಲ್ಲ ಮುಗಿಯುತ್ತದೆ ಎನಿಸಿತು. ಅಂದರೆ ಈವರೆಗೆ ಮದ್ದು ಇತ್ತು ಎಂದು ತಾನೇ ಒಪ್ಪಿದ ಹಾಗೆ. ಅನ್ನದಿದ್ದರೆ ಎದುರಿಗೆ ನಿಂತ ಈ ತಾಯಿಯ ಮಗ. ಅಷ್ಟರಲ್ಲಿ ಹಿಂದಿನಿಂದ ಯಮುನಾ ಬಂದು, ನಾನು ಬರ್ತೀನಿ ದೊಡ್ಡಮ್ಮ ಎಂದಳು.

ಬರಗೇರಮ್ಮ ಓಡಿಬಂದು ಮೊಮ್ಮಗಳ ರಟ್ಟೆ ಹಿಡಿದಳು. ಯಮುನಾ ಅಜ್ಜಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು. ತಲೆ ಮುಟ್ಟಲ್ಲ ಅಜ್ಜಿ, ಅಪ್ಪನಿಗೆ ಗಾಡಿ ತರಾಕೆ ಹೇಳು ಎಂದಳು. ಅವಳ ದನಿ ಗಟ್ಟಿಯಿರಲಿಲ್ಲ. ಮಮತಾ ಕೊಳ್ಳಿಯನ್ನು ಒಲೆಗೆ ಹಾಕಿ ಮಗಳ ಜೊತೆ ಹೊರಟಳು.

ಪ್ರದೀಪ್ ನಡುಮನೆಯ ಮಂಚದ ಮೇಲೆ ಮಲಗಿದ್ದ. ಬೈಕಿನ ಮೇಲೆ ಎದೆ ಸೆಟೆಸಿ ತಿರುಗುತ್ತಿದ್ದ ಹುಡುಗ ಇವನೇನಾ ಎನ್ನುವ ಹಾಗೆ ಇಳಿದುಹೋಗಿದ್ದ. ಯಮುನಾಳನ್ನು ಕಂಡದ್ದೇ ಗೋಡೆಗೆ ಒತ್ತಿಕೊಂಡ. ಅವನು ತನ್ನ ಮಗಳಿಗೆ ಹೆದರುತ್ತಿದ್ದಾನೆ ಎಂಬುದು ಮಮತಾಳಿಗೆ ಆಗ ಕಣ್ಣಾರೆ ಕಂಡಿತು. ಅದನ್ನು ನೋಡಿ ಅವಳಿಗೆ ಸಂತೋಷವಾಗಲಿಲ್ಲ.

ಯಮುನಾ ಮಂಚದಿಂದ ದೂರವೇ ನಿಂತಳು. ಲಂಗದ ನೆರಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು.

"ಮುದ್ದಮ್ಮ ಅಂತ ಯಾರೂ ಇಲ್ಲ," ಎಂದಳು. "ಅದು ಕತೆ. ಆ ಗೆರೆ ನಾನು ಸುಮ್ನೆ ಎಳೆದಿದ್ದು, ಮಳೆ ಬಂದು ಯಾವಾಗ್ಲೋ ಹೋಗೈತೆ. ನಾನು ತೆಗಿಯಾಕೆ ಏನೂ ಇಲ್ಲ. ನೀನು ಆಸ್ಪತ್ರೆಗೆ ಹೋಗ್ಬೇಕು." ಸ್ವಲ್ಪ ತಡೆದು ಮತ್ತೆ ಹೇಳಿದಳು: "ಆದ್ರೆ ನೀನು ದಾರೀಲಿ ಹೆಣ್ಮಕ್ಕಳಿಗೆ ಮಾಡಿದ್ದು ಕತೆ ಅಲ್ಲ."

ತಿಪ್ಪಮ್ಮ ಮಗನ ಮುಖ ನೋಡಿದಳು. ಏನು ಮಾಡಿದೆ ಎಂದು ಕೇಳಿದಳು. ಅವನು ಮುಖ ಗೋಡೆಗೆ ತಿರುಗಿಸಿದ. ತಿಪ್ಪಮ್ಮ ಮತ್ತೆ ಕೇಳಲಿಲ್ಲ. ಮಗನ ತೋಳಿನ ಕೆಳಗೆ ಕೈ ಹಾಕಿ ಎಬ್ಬಿಸಿದಳು, ಅವನು ಬೇಡವೆನ್ನಲಿಲ್ಲ.

ಓಬಳೇಶ್ ಗಾಡಿ ತಂದು ನಿಲ್ಲಿಸಿದ್ದ, ಆದರೆ ಇಳಿದಿರಲಿಲ್ಲ. ಹೆಂಡತಿಯನ್ನು ಗಾಡಿಯ ಹತ್ತಿರಕ್ಕೆ ಕರೆದು, ನಮ್ಮ ಗಾಡಿಯಲ್ಲೇ ಅವನ ಉಸಿರು ಹೋದರೆ ಹಟ್ಟಿಗೆ ತಿರುಗಿ ಬರುವ ಹಾಗಿಲ್ಲ, ಗೊತ್ತಾ ಎಂದ. ಗೊತ್ತು ಎಂದಳು ಮಮತಾ. ಅವನು ಇಳಿದು ಬಂದು, ಹುಡುಗನ ಕಾಲುಗಳನ್ನು ತಾನೇ ಎತ್ತಿ ಒಳಗಿಟ್ಟ.

ಕಾಯಿ ಹೊರುವ ಗಾಡಿ ಅದು. ತಳಕ್ಕೆ ಕಂಬಳಿ ಹಾಸಿ, ಪ್ರದೀಪನ ತಲೆಯನ್ನು ತಾಯಿ ತೊಡೆಯ ಮೇಲೆ ಇಟ್ಟುಕೊಂಡಳು. ಕಾಲ ಬಳಿ ಮಮತಾ ಕುಳಿತಳು. ಚಿತ್ರದುರ್ಗದವರೆಗೂ ಅವಳು ಕಣ್ಣು ತೆಗೆಯದೆ ನೋಡಿದ್ದು ಅವನ ಹೊಟ್ಟೆಯನ್ನು. ಏರುತ್ತಿದೆಯಾ, ಇಳಿಯುತ್ತಿದೆಯಾ. ಒಂದು ಕಡೆ ರೈಲ್ವೆ ಗೇಟು ಬಿದ್ದಿತ್ತು. ಗಾಡಿ ನಿಂತಾಗ ಹೊಟ್ಟೆಯೂ ನಿಂತ ಹಾಗೆ ಕಂಡಿತು. ಮಮತಾ ಅವನ ಪಾದಕ್ಕೆ ಚಿವುಟಿದಳು. ಅವನು ನರಳಿದ. ತನ್ನ ಮಗಳ ಜಡೆ ಎಳೆದವನ ನರಳಾಟ ಕೇಳಿ ಅವಳು ದೇವರಿಗೆ ಕೈಮುಗಿದಳು.

ಆಸ್ಪತ್ರೆಯಲ್ಲಿ ಕಣ್ಣು ಬಿಡಿಸಿ ನೋಡಿದ ಕೂಡಲೇ ಡಾಕ್ಟರಮ್ಮ ಕಾಮಾಲೆ ಎಂದರು. ಹೊಲಸು ನೀರಿನಿಂದ ಬರುವಂಥದ್ದು, ಅದರ ಮೇಲೆ ವಾಂತಿಗೆ ಕುಡಿಸಿದ್ದು ಯಕೃತ್ತಿಗೆ ಪೆಟ್ಟು ಕೊಟ್ಟಿದೆ, ಇನ್ನೂ ತಡವಾಗಿದ್ದರೆ ಕೈಮೀರುತ್ತಿತ್ತು ಎಂದು ತಿಪ್ಪಮ್ಮನನ್ನು ಬೈದರು. ಯಾರದೋ ಬೈಕ್ ಹತ್ತಿ ಗಂಗಾಧರಪ್ಪ ಬಂದಾಗ ಮಗನ ಕೈಗೆ ಡ್ರಿಪ್ ಹಾಕಿದ್ದರು. ನನ್ನ ಮಗನನ್ನು ಯಾರನ್ನು ಕೇಳಿ ತಂದೆ ಎಂದು ಅವನು ಮಮತಾಳ ಮೇಲೆ ಏರಿ ಬಂದ. ಅವಳು ಗೋಡೆಗೆ ಸರಿದಳು. ತಿಪ್ಪಮ್ಮ ಬೆಂಚಿನಿಂದ ಏಳದೆಯೇ ಗಂಡನಿಗೆ ಹೇಳಿದಳು:

"ಅವಳನ್ನ ಬಿಡ್ರಿ. ನಿಮ್ಮ ಮಗ ದಾರೀಲಿ ಹೆಣ್ಮಕ್ಕಳಿಗೆ ಏನು ಮಾಡ್ತಿದ್ದ ಅಂತ ಮೊದ್ಲು ಅವನನ್ನ ಕೇಳ್ರಿ."

ಗಂಗಾಧರಪ್ಪ ಕೇಳಲಿಲ್ಲ. ಆದರೆ ಅಲ್ಲಿಂದ ಹೊರಗೆ ಹೋದವನು ಬಹಳ ಹೊತ್ತು ಒಳಗೆ ಬರಲಿಲ್ಲ.

ಪ್ರದೀಪ್ ಉಳಿದುಕೊಂಡ. ಅವನು ಮನೆಗೆ ಬಂದ ಮೇಲೆ ಎಲ್ಲ ಸರಿಹೋಗುತ್ತದೆಂದು ಮಮತಾ ಎಣಿಸಿದ್ದಳು, ಹಾಗಾಗಲಿಲ್ಲ. ಹಾಕಿದವರೇ ಹೆದರಿ ತೆಗೆದರು, ಇಲ್ಲದಿದ್ದರೆ ಸ್ವಂತ ಗಾಡಿಯಲ್ಲಿ ಯಾಕೆ ಒಯ್ಯುತ್ತಿದ್ದರು ಎಂದು ಹಟ್ಟಿಯವರು ಆಡಿಕೊಂಡರು. ಯಮುನಾ ಮಂಚದ ಹತ್ತಿರ ಏನೋ ಮಂತ್ರ ಹೇಳಿದ್ದನ್ನು ನೋಡಿದವರೂ ಹುಟ್ಟಿಕೊಂಡರು. ಗಂಗಾಧರಪ್ಪ ಕ್ಷಮೆ ಕೇಳಲಿಲ್ಲ, ಜಗಳವನ್ನೂ ತೆಗೆಯಲಿಲ್ಲ. ಎದುರಿಗೆ ಸಿಕ್ಕರೆ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಹೋಗುತ್ತಿದ್ದ. ಯಮುನಾ ಶಾಲೆಗೆ ಹೋಗಿ ಬಂದು ಸುಮ್ಮನೆ ಕೂರುತ್ತಿದ್ದಳು. ಒಂದು ಸಂಜೆ ಬರಗೇರಮ್ಮನೇ ಮಗನ ಜೇಬಿನಿಂದ ಫೋನ್ ತೆಗೆದು ಮೊಮ್ಮಗಳ ಮಡಿಲಿಗೆ ಹಾಕಿದಳು. ಹಾಕೇ ಅವಳ ಕತೆನ, ನಾನು ನೋಡ್ಬೇಕು ಎಂದಳು. ಓಬಳೇಶ್ ಕಂಡೂ ಕಾಣದವನಂತೆ ಎದ್ದು ಗಾಡಿ ಒರೆಸಲು ಹೋದ. ಅಜ್ಜಿ ಅವರೆಕಾಯಿ ಸುಲಿಯುತ್ತ, ಮಧ್ಯೆ ಮಧ್ಯೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕೊನೆಯವರೆಗೂ ನೋಡಿದಳು.

ಹೆಡ್‌ಮೇಷ್ಟ್ರು ಮಮತಾಳನ್ನು ಮತ್ತೆ ಕೆಲಸಕ್ಕೆ ಕರೆದರು. ತೆಗೆದುಹಾಕಲು ಕಾರಣವಿರಲಿಲ್ಲ, ಉಳಿಸಿಕೊಳ್ಳಲು ಧೈರ್ಯವಿರಲಿಲ್ಲ. ಬೆರಳೆಣಿಕೆಯ ಮಕ್ಕಳು ಮಾತ್ರ ತಟ್ಟೆ ಒಡ್ಡಿದವು. ಉಳಿದವು ಡಬ್ಬಿ ತಂದು ಬೇರೆ ಕಡೆ ಕುಳಿತವು.

ಹೀಗೇ ಒಂದು ಮಧ್ಯಾಹ್ನ ಮಮತಾ ಸಾರಿನ ಬಕೆಟ್ ಎತ್ತಿಕೊಂಡು ಹೊರಗೆ ಬಂದಾಗ ಶಾಲೆಯ ಗೇಟಿನಲ್ಲಿ ತಿಪ್ಪಮ್ಮ ಕಂಡಳು. ಕೈಯಲ್ಲಿ ಮನೆಯಿಂದ ತಂದ ಸ್ಟೀಲ್ ತಟ್ಟೆ. ಯಾರನ್ನೂ ಮಾತಾಡಿಸದೆ ಬಂದು, ಸೀರೆ ಒತ್ತರಿಸಿಕೊಂಡು, ಮಕ್ಕಳ ಸಾಲಿನ ನಡುವೆ ಖಾಲಿ ಬಿದ್ದಿದ್ದ ಜಾಗದಲ್ಲಿ ಕುಳಿತು ತಟ್ಟೆ ಮುಂದಿಟ್ಟುಕೊಂಡಳು. ಡಬ್ಬಿ ತೆರೆದಿದ್ದ ಮಕ್ಕಳೆಲ್ಲ ಕತ್ತು ತಿರುಗಿಸಿದವು. ಹೆಡ್‌ಮೇಷ್ಟ್ರು ಬಾಗಿಲಿಗೆ ಬಂದು ನಿಂತರು.

"ಬಡಿಸು ಮಮತಾ," ಎಂದಳು ತಿಪ್ಪಮ್ಮ.

ಮಮತಾ ಬಡಿಸಿದಳು. ತಿಪ್ಪಮ್ಮ ಅನ್ನ ಕಲಸಿ ಮೊದಲ ತುತ್ತು ಎತ್ತಿದಾಗ ಮಮತಾಳಿಗೆ ಆಸ್ಪತ್ರೆಯ ದಾರಿಯಲ್ಲಿ ಆದದ್ದಕ್ಕಿಂತ ಹೆಚ್ಚು ಭಯವಾಯಿತು. ಇವಳಿಗೆ ಈಗ ಒಂದು ಕೆಮ್ಮು ಬಂದರೆ, ಒಂದು ಬಿಕ್ಕಳಿಕೆ ಬಂದರೆ, ಸಂಜೆ ಮನೆಗೆ ಹೋಗಿ ತಲೆನೋವೆಂದು ಮಲಗಿದರೂ ಸಾಕು. ಬಕೆಟ್ ಹಿಡಿದುಕೊಂಡೇ ಅವಳ ಗಂಟಲನ್ನು ನೋಡುತ್ತ ನಿಂತಳು. ಒಂದು ತುತ್ತು ಇಳಿಯಿತು. ಇನ್ನೊಂದು ಇಳಿಯಿತು. ತಿಪ್ಪಮ್ಮ ಅವಸರ ಮಾಡಲಿಲ್ಲ, ತಲೆ ಎತ್ತಲೂ ಇಲ್ಲ. ತಟ್ಟೆ ಬರಿದಾದ ಮೇಲೆ ಬೆರಳು ಚೀಪಿದಳು.

"ಉಪ್ಪು ಒಂಚೂರು ಕಮ್ಮಿ ಆಗೈತೆ," ಎಂದಳು. "ಇನ್ನೊಂದ್ಸಲ ಹಾಕು."

ಮಮತಾ ಹಾಕಿದಳು. ಅವಳು ನೆಟ್ಟಗಾಗುವಷ್ಟರಲ್ಲಿ ಒಂದನೇ ತರಗತಿಯ ಆ ಮಗು ತನ್ನ ಡಬ್ಬಿಯನ್ನು ಅಲ್ಲೇ ಬಿಟ್ಟು, ತಟ್ಟೆ ಹಿಡಿದು ಬಂದು ತಿಪ್ಪಮ್ಮನ ಪಕ್ಕದಲ್ಲಿ ಕುಳಿತುಕೊಂಡಿತ್ತು.